ಮರೆಯಾದುದು ಮರಳುವ ದಾರಿ

ವಿಂಡೋಸ್ ವ್ಯವಸ್ಥೆಯುಳ್ಳ ಕಂಪ್ಯೂಟರಿನಲ್ಲಿ ಯಾವ ವಿಂಡೋವನ್ನು ತೆರೆದರೂ ಅದರ ಬಲಮೂಲೆಯಲ್ಲಿ ಮೂರು ಪುಟ್ಟ ಗುರುತುಗಳು ಕಾಣುತ್ತವೆ. ಗುಣಾಕಾರದ ಚಿಹ್ನೆಯಂತಿರುವುದು ವಿಂಡೋವನ್ನು ಮುಚ್ಚುತ್ತದೆ. ಚೌಕಾಕಾರದ್ದು ಅದನ್ನು ಪರದೆಯ ತುಂಬ ಹರಡುತ್ತದೆ. ಈ ಎರಡರ ಅರ್ಥವೂ ಹೊಸದಾಗಿ ಕಲಿಯುವವನಿಗೆ ಒಂದೇ ದಿನದಲ್ಲಿ ಮನದಟ್ಟಾಗುತ್ತದೆ. ಆದರೆ ಒಂದು ಸಣ್ಣ ಅಡ್ಡಗೆರೆಯ ರೂಪದಲ್ಲಿರುವ ಮೂರನೆಯ ಗುರುತು, ಕೆಲಸವನ್ನು ಮುಗಿಸದೆ, ಮುಂದುವರಿಸಲೂ ಬಿಡದೆ, ಕಣ್ಣೆದುರಿನಿಂದ ಮಾತ್ರ ಸರಿಸಿ ಬೇರೊಂದೆಡೆ ಇರಿಸತಕ್ಕದ್ದಾದುದರಿಂದ, ಅದರ ಸ್ವರೂಪವು ಅಷ್ಟು ಸುಲಭವಾಗಿ ಬುದ್ಧಿಗೆ ನಿಲುಕುವುದಿಲ್ಲ. ಬಳಕೆಯಲ್ಲಿ ನಾವೆಲ್ಲರೂ ಅದನ್ನು ಮಿನಿಮೈಸ್ ಮಾಡುವುದು ಎನ್ನುತ್ತೇವೆ. ವಿಂಡೋವನ್ನು ಮರೆಮಾಡುವುದು ಯಂತ್ರಕ್ಕೆ ಅತ್ಯಂತ ಸುಲಭವಾದ ಕಾರ್ಯ. ಮರೆಯಾದುದು ಎಲ್ಲಿದೆಯೆಂಬುದನ್ನು ಮನುಷ್ಯನ ಕಣ್ಣಿಗೆ ಬಿಡದೆ ತೋರಿಸುತ್ತಿರುವುದು ಮಾತ್ರ ಬಹು ಕಷ್ಟಸಾಧ್ಯವಾದುದು. ಡೆಸ್ಕ್‌ಟಾಪ್ ಕಂಪ್ಯೂಟರಿನ ನಾಲ್ಕು ದಶಕಗಳ ಇತಿಹಾಸದಲ್ಲಿ ಈ ಎರಡನೆಯ ಕಾರ್ಯಕ್ಕೆ ಎಷ್ಟು ಮಂದಿ ಬುದ್ಧಿವಂತರು ಎಷ್ಟು ಬಗೆಯಾಗಿ ಶ್ರಮಿಸಿದರೆಂಬುದನ್ನು ನೋಡಿದರೆ, ಆ ಅಡ್ಡಗೆರೆಯ ಬಗ್ಗೆ ಗೌರವವೇ ಹುಟ್ಟುತ್ತದೆ.

ಮೊದಲು ಆ ಗುರುತನ್ನು ಒತ್ತಿದಾಗ ವಸ್ತುತಃ ಏನಾಗುತ್ತದೆಂಬುದನ್ನು ತಿಳಿಯಬೇಕು. ಮಿನಿಮೈಸ್ ಆದ ಪ್ರೋಗ್ರಾಂ ನಿಂತುಹೋಗುತ್ತದೆಂಬ ಭಾವನೆ ಅನೇಕರಲ್ಲಿ ಉಂಟು, ಅದು ಸರಿಯಲ್ಲ. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕೋಣೆಗೆ ಹೋದವರಿಗೆ ಹಾಲು ಕಾಣುವುದಿಲ್ಲವೆಂಬುದೊಂದನ್ನು ಬಿಟ್ಟರೆ, ಒಲೆಯಲ್ಲಿ ಉರಿ ಹೇಗೆ ಮೊದಲಿನಂತೆಯೇ ಇರುತ್ತದೆಯೋ ಹಾಗೆ, ಮರೆಯಾದ ಪ್ರೋಗ್ರಾಂ ಕೂಡ ತನ್ನ ಕೆಲಸವನ್ನು ನಡೆಸುತ್ತಲೇ ಇರುತ್ತದೆ. ಡೌನ್‌ಲೋಡ್ ಆಗುತ್ತಿದ್ದ ಕಡತ ಇಳಿಯುತ್ತಿರುತ್ತದೆ, ಹಾಡು ಕೇಳಿಸುತ್ತಿರುತ್ತದೆ, ಆನ್‌ಲೈನ್ ಸಭೆಯ ವಿಂಡೋವನ್ನು ಕೆಳಗಿಳಿಸಿ ಬೇರೆ ಕೆಲಸದಲ್ಲಿ ತೊಡಗಿದವರ ಮೈಕು, ಅವರು ಅದನ್ನು ಬೇರೆಯಾಗಿ ಮುಚ್ಚದ ಹೊರತು, ತೆರೆದೇ ಇರುತ್ತದೆ. ಈ ಕೊನೆಯ ಸಂಗತಿಯನ್ನು ಪ್ರತಿಯೊಬ್ಬ ಅಧ್ಯಾಪಕರೂ ಪ್ರತಿಯೊಂದು ಮನೆಯೂ ನೆನಪಿನಲ್ಲಿಡತಕ್ಕದ್ದು. ಇದಕ್ಕಿಂತಲೂ ಮುಖ್ಯವಾದುದೆಂದರೆ, ಅರ್ಧ ಬರೆದ ಲೇಖನವಾಗಲಿ ಲೆಕ್ಕಪತ್ರವಾಗಲಿ ಮಿನಿಮೈಸ್ ಆದ ಮಾತ್ರಕ್ಕೆ ಡಿಸ್ಕಿನಲ್ಲಿ ಭದ್ರವಾಯಿತೆಂದು ತಿಳಿಯಕೂಡದು. ಅದು ಇನ್ನೂ ಮೆಮೊರಿಯಲ್ಲಿಯೇ ಇರುವುದರಿಂದ, ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟ ಗಳಿಗೆಯಲ್ಲಿ, ಕಣ್ಣೆದುರಿದ್ದ ಬರಹದೊಂದಿಗೆ ಮರೆಯಲ್ಲಿದ್ದ ಬರಹವೂ ನಷ್ಟವಾಗಬಹುದು. ಮರೆಗೆ ಸರಿಸುವ ಮುನ್ನ ಕಂಟ್ರೋಲ್ ಕೀಲಿಯೊಡನೆ ಎಸ್ ಒತ್ತುವ ಅಭ್ಯಾಸವೊಂದನ್ನು ಮಕ್ಕಳಿಗೆ ಕಲಿಸಿದರೂ ಕಂಪ್ಯೂಟರ್ ಪಾಠದ ಬಹುಭಾಗ ಸಾರ್ಥಕವಾದಂತೆಯೇ.

ವಿಂಡೋಸ್ ವ್ಯವಸ್ಥೆ ಮರೆಯಾದ ವಿಂಡೋವನ್ನು ಎಲ್ಲಿ ಇಡುತ್ತದೆಂಬುದು ಕುತೂಹಲಕರವಾದ ವಿಷಯ. ಪರದೆಯ ಮೇಲಿನ ಪ್ರತಿಯೊಂದು ಬಿಂದುವಿಗೂ ಅಡ್ಡಕ್ಕೊಂದು, ಉದ್ದಕ್ಕೊಂದು ಸಂಖ್ಯೆ ಇರುತ್ತದಷ್ಟೆ. ಮಿನಿಮೈಸ್ ಆದ ವಿಂಡೋವಿನ ಸ್ಥಾನವನ್ನು ಕೇಳಿದರೆ ವ್ಯವಸ್ಥೆಯು ಎರಡಕ್ಕೂ ಋಣ 32,000 ಎಂಬ ಉತ್ತರವನ್ನು ಕೊಡುತ್ತದೆ. ಎಂದರೆ ಯಾವ ಮಾನಿಟರಿಗೂ ಎಟುಕದ, ಎಡಕ್ಕೂ ಮೇಲಕ್ಕೂ ಬಹುದೂರವಾದ ಒಂದು ಕಲ್ಪಿತ ಸ್ಥಳದಲ್ಲಿ ಅದನ್ನು ನಿಲ್ಲಿಸಿರುತ್ತದೆ. ಆದರೆ ಅದು ಮೊದಲು ಯಾವ ಜಾಗದಲ್ಲಿ, ಎಷ್ಟು ಅಗಲ ಎಷ್ಟು ಎತ್ತರದಲ್ಲಿ ಇದ್ದಿತೆಂಬ ವಿವರವನ್ನು ಬೇರೆಯಾಗಿ ಬರೆದಿಟ್ಟುಕೊಂಡಿರುತ್ತದಾದ ಕಾರಣ, ನಾವು ಮರಳಿ ಕರೆದಾಗ ಅದು ತನ್ನ ಹಿಂದಿನ ನೆಲೆಗೆ ಚಾಚೂ ತಪ್ಪದೆ ಬಂದು ನಿಲ್ಲುತ್ತದೆ.

ಮರೆಯಾದವುಗಳ ಮೇಲೆ ಸ್ವಲ್ಪ ಮಿತವ್ಯಯವನ್ನು ಹೇರುವ ಪದ್ಧತಿಯೂ ಉಂಟು. ವಿಂಡೋಸ್ ಎಕ್ಸ್‌ಪಿಯ ಕಾಲದವರೆಗೆ ಮಿನಿಮೈಸ್ ಆದ ಪ್ರೋಗ್ರಾಮಿನ ಪಾಲಿನ ಮೆಮೊರಿಯನ್ನು ವ್ಯವಸ್ಥೆಯು ಕತ್ತರಿಸಿ ಇತರರಿಗೆ ಒದಗಿಸುತ್ತಿದ್ದುದರಿಂದ, ಬಹಳ ಹೊತ್ತಿನ ಮೇಲೆ ಅದನ್ನು ಮೇಲಕ್ಕೆ ಕರೆದಾಗ ಡಿಸ್ಕು ಗುರುಗುಟ್ಟುತ್ತ ತಡಮಾಡುತ್ತಿದ್ದುದು ಆ ಕಾಲದ ಯಂತ್ರಗಳನ್ನು ಬಳಸಿದವರ ನೆನಪಿನಲ್ಲಿದ್ದೀತು. ಆಪಲ್ ಸಂಸ್ಥೆಯು 2013ರಲ್ಲಿ ತನ್ನ ಮ್ಯಾಕ್ ಯಂತ್ರಗಳಿಗೆ, ಕಾಣದಿರುವ ಪ್ರೋಗ್ರಾಮುಗಳನ್ನು ಲಘು ನಿದ್ರೆಗೆ ಕಳುಹಿಸಿ ಬ್ಯಾಟರಿಯನ್ನು ಉಳಿಸುವ ವ್ಯವಸ್ಥೆಯನ್ನು ತಂದಿತು. ಬ್ರೌಸರುಗಳೂ ಮರೆಯಲ್ಲಿರುವ ಪುಟದ ಚಲನಚಿತ್ರಣವನ್ನು ನಿಲ್ಲಿಸಿ, ಅದರ ಗಡಿಯಾರಗಳನ್ನು ನಿಧಾನಗೊಳಿಸುತ್ತವೆ.

ಇನ್ನು ಇತಿಹಾಸ. ಅಮೆರಿಕದ ಪಾಲೊ ಆಲ್ಟೊ ನಗರದಲ್ಲಿದ್ದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ 1970ರ ದಶಕದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್ ಮೊದಲಾದವರು, ಒಂದರ ಮೇಲೊಂದು ಕಾಗದವನ್ನಿಟ್ಟಂತೆ ಒಂದನ್ನೊಂದು ಮುಚ್ಚುವ ವಿಂಡೋಗಳನ್ನು ನಿರ್ಮಿಸಿದರು. ಅದೇ ಸಂಸ್ಥೆ 1981ರಲ್ಲಿ ಮಾರುಕಟ್ಟೆಗೆ ತಂದ ಸ್ಟಾರ್ ಎಂಬ ಯಂತ್ರದಲ್ಲಿ, ಪರದೆಯ ಮೇಲಿನ ಚಿಕ್ಕ ಚಿತ್ರವೊಂದನ್ನು ತೆರೆದರೆ ಅದು ವಿಂಡೋ ಆಗಿ ಅರಳುತ್ತಿತ್ತು, ಮುಚ್ಚಿದರೆ ಮತ್ತೆ ಚಿತ್ರವಾಗಿ ಮುದುಡುತ್ತಿತ್ತು. ಎರಡು ವರ್ಷಗಳ ತರುವಾಯ, 1983ರ ಜನವರಿಯಲ್ಲಿ ಬಂದ ಆಪಲ್ ಕಂಪನಿಯ ಲೀಸಾ ಯಂತ್ರದಲ್ಲಿ ಈ ವಿಚಾರವು ಇನ್ನೂ ಸೂಕ್ಷ್ಮವಾಯಿತು: ಕಾಗದವನ್ನು ಉಳಿಸಿ ಅದರ ಕಡತಕ್ಕೆ ಹಿಂದಿರುಗಿಸುವ ಆಜ್ಞೆ ಒಂದಾದರೆ, ಇನ್ನೂ ಕೆಲಸವುಂಟು, ಸದ್ಯಕ್ಕೆ ಪಕ್ಕಕ್ಕಿಡು ಎಂಬ ಆಜ್ಞೆ ಇನ್ನೊಂದು. ಮುಗಿದ ಕೆಲಸಕ್ಕೂ ತಡೆದಿಟ್ಟ ಕೆಲಸಕ್ಕೂ ಇರುವ ಅಂತರವನ್ನು ಯಂತ್ರವು ಗುರುತಿಸಬೇಕೆಂಬ ವಿವೇಕ ಆ ಎರಡು ಆಜ್ಞೆಗಳಲ್ಲಿ ಎಷ್ಟು ನಿಚ್ಚಳವಾಗಿದೆಯೋ ಅಷ್ಟು ನಿಚ್ಚಳವಾಗಿ ನಂತರದ ಯಂತ್ರಗಳಲ್ಲಿಯೂ ಕಾಣುವುದು ಅಪರೂಪ.

ಮೈಕ್ರೊಸಾಫ್ಟ್ ಸಂಸ್ಥೆಯ ವಿಂಡೋಸ್ ಮೊದಲ ಆವೃತ್ತಿ 1985ರ ನವೆಂಬರಿನಲ್ಲಿ ಹೊರಬಂದಾಗ ಅದರಲ್ಲಿ ವಿಂಡೋಗಳು ಒಂದರ ಮೇಲೊಂದು ಬೀಳುತ್ತಿರಲಿಲ್ಲ. ನೆಲಕ್ಕೆ ಹಾಸಿದ ಚಪ್ಪಡಿಗಳಂತೆ ಪಕ್ಕಪಕ್ಕದಲ್ಲಿಯೇ ಕೂಡುತ್ತಿದ್ದವು. ನಡೆಯುತ್ತಿದ್ದರೂ ತೆರೆದಿರದ ಪ್ರೋಗ್ರಾಮುಗಳ ಚಿತ್ರಗಳಿಗಾಗಿ ಪರದೆಯ ತಳದಲ್ಲಿ ಒಂದು ಪಟ್ಟಿಯನ್ನೇ ಮೀಸಲಿಟ್ಟಿದ್ದರು. 1987ರ ಎರಡನೆಯ ಆವೃತ್ತಿಯಲ್ಲಿ ವಿಂಡೋಗಳು ಒಂದನ್ನೊಂದು ಮುಚ್ಚುವ ಸ್ವಾತಂತ್ರ್ಯವನ್ನು ಪಡೆದುವು. ಇಂದಿನ ಮಿನಿಮೈಸ್, ಮ್ಯಾಕ್ಸಿಮೈಸ್ ಎಂಬ ಹೆಸರುಗಳು ರೂಢಿಗೆ ಬಂದುದೂ ಆಗಲೇ. ಆದರೆ ಆ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಇದ್ದಿತು. 1990ರ ಮೂರನೆಯ ಆವೃತ್ತಿ ಮತ್ತು 1992ರ 3.1 ಜಗತ್ತಿನ ಕಚೇರಿಗಳನ್ನೆಲ್ಲ ಹೊಕ್ಕಾಗ, ಮಿನಿಮೈಸ್ ಆದ ವಿಂಡೋ ಪರದೆಯ ತಳದಲ್ಲಿ ಸಣ್ಣ ಚಿತ್ರವಾಗಿ ಕೂತಿರುತ್ತಿತ್ತೆಂಬುದೇನೋ ನಿಜ; ಆದರೆ ಬೇರೊಂದು ವಿಂಡೋ ದೊಡ್ಡದಾಗಿ ತೆರೆದುಕೊಂಡೊಡನೆ ಆ ಚಿತ್ರಗಳೆಲ್ಲವೂ ಅದರ ಅಡಿಗೆ ಸಿಕ್ಕಿ ಕಣ್ಮರೆಯಾಗುತ್ತಿದ್ದುವು. ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಅಥವಾ ಹಿನ್ನೆಲೆಯ ಬರಿಯ ಜಾಗವನ್ನು ಎರಡು ಬಾರಿ ಕ್ಲಿಕ್ಕಿಸಿದರೆ, ನಡೆಯುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಬರುತ್ತಿತ್ತು. ಬಲ್ಲವರು ಬಲ್ಲರು, ಅರಿಯದವರಿಗೆ ಅದು ಇಲ್ಲದುದಕ್ಕೆ ಸಮವೇ ಆಗಿತ್ತು.

ಈ ಹಂತದಲ್ಲಿ ನಡೆದುದು ನನ್ನ ಮಟ್ಟಿಗೆ ಇಡೀ ಕಥೆಯ ಅತ್ಯಂತ ಶ್ಲಾಘನೀಯವಾದ ಭಾಗ. ಮುಂದಿನ ಆವೃತ್ತಿಯನ್ನು ರೂಪಿಸುತ್ತಿದ್ದ ತಂಡವು ತಾನೇ ಕುಳಿತು ಊಹಿಸದೆ, ಸಾಮಾನ್ಯ ಜನರನ್ನು ಕರೆತಂದು ಯಂತ್ರದ ಮುಂದೆ ಕೂರಿಸಿ, ಅವರು ಎಲ್ಲಿ ತಡವರಿಸುತ್ತಾರೆಂಬುದನ್ನು ಸಹನೆಯಿಂದ ಗಮನಿಸಿತು. ಆ ತಂಡದ ಕೆಂಟ್ ಸಲಿವನ್ ಅವರು 1996ರಲ್ಲಿ ವ್ಯಾಂಕೂವರಿನ ವಿದ್ವತ್ಸಭೆಯೊಂದರಲ್ಲಿ ಈ ಅನುಭವವನ್ನು ಪ್ರಬಂಧರೂಪದಲ್ಲಿ ಮಂಡಿಸಿದ್ದಾರೆ. ಹೊಸಬರಿಗೆ ಕಾಣದ ವಿಂಡೋ ಎಂದರೆ ಇಲ್ಲದ ವಿಂಡೋ ಎಂಬುದೇ ಅವರು ಕಂಡ ಮುಖ್ಯ ಸತ್ಯ. ಹೀಗೆ ಇಲ್ಲವಾಯಿತೆಂದು ಭಾವಿಸಿದವನು ಅದೇ ಪ್ರೋಗ್ರಾಮನ್ನು ಮತ್ತೊಮ್ಮೆ ತೆರೆಯುತ್ತಾನೆ. ಅದೂ ಮರೆಯಾದರೆ ಮಗುದೊಮ್ಮೆ. ಕೊನೆಗೆ ಯಂತ್ರದ ಮೆಮೊರಿ ತುಂಬಿ ಎಲ್ಲವೂ ಸ್ತಬ್ಧವಾದಾಗ, ತಪ್ಪು ತನ್ನದೆಂದು ನೊಂದುಕೊಳ್ಳುತ್ತಾನೆ. ತಪ್ಪು ಅವನದಲ್ಲ, ದಾರಿಯನ್ನು ತೋರದಿದ್ದ ವಿನ್ಯಾಸದ್ದು ಎಂದು ಆ ತಂಡ ಒಪ್ಪಿಕೊಂಡಿತು. ಮೊದಲು ಆ ಸಣ್ಣ ಚಿತ್ರಗಳ ರೂಪವನ್ನು ಬದಲಿಸಿ ನೋಡಿದರು. ಅವುಗಳ ಮೇಲೆ ಇತರ ವಿಂಡೋಗಳು ಬಂದು ಕೂರುವವರೆಗೆ ರೂಪ ಯಾವುದಾದರೇನು, ಫಲ ಒಂದೇ ಎಂಬುದು ಸ್ಪಷ್ಟವಾಯಿತು. ಕಟ್ಟಕಡೆಗೆ, ಯಾವ ವಿಂಡೋವೂ ಮುಚ್ಚಲಾಗದಂತೆ ಪರದೆಯ ತಳದಲ್ಲಿ ಸದಾ ಮೇಲೆಯೇ ನಿಲ್ಲುವ ಪಟ್ಟಿಯೊಂದನ್ನು ಹಾಕಿ, ತೆರೆದಿರುವುದಾಗಲಿ ಮರೆಯಾಗಿರುವುದಾಗಲಿ ಪ್ರತಿಯೊಂದು ವಿಂಡೋವಿಗೂ ಅದರಲ್ಲಿ ಹೆಸರುಳ್ಳ ಒಂದೊಂದು ಗುಂಡಿಯನ್ನು ಕಲ್ಪಿಸಿದರು. 1995ರ ಆಗಸ್ಟ್ 24ರಂದು ಲೋಕಾರ್ಪಣವಾದ ವಿಂಡೋಸ್ 95ರ ಟಾಸ್ಕ್‌ಬಾರ್ ಎಂದರೆ ಇದೇ. ಅದರೊಡನೆ ಅವರು ಸೇರಿಸಿದ ಇನ್ನೊಂದು ಸೂಕ್ಷ್ಮವೂ ಸ್ಮರಣೀಯವಾದುದು: ಮಿನಿಮೈಸ್ ಗುಂಡಿಯನ್ನು ಒತ್ತಿದಾಗ ವಿಂಡೋವಿನ ಶೀರ್ಷಿಕೆಯ ಪಟ್ಟಿಯು ತನ್ನ ಗುಂಡಿಯತ್ತ ಜಾರಿ ಸಣ್ಣದಾಗುತ್ತ ಹೋಗುವಂತೆ ಕ್ಷಣಮಾತ್ರದ ಚಲನೆಯೊಂದನ್ನು ತೋರಿಸಿದರು. ಅದು ಅಲಂಕಾರವಲ್ಲ; ಹೋದದ್ದು ಎಲ್ಲಿಗೆ ಹೋಯಿತೆಂಬುದನ್ನು ಕಣ್ಣಿಗೆ ಕಲಿಸುವ ಪಾಠ.

ಮ್ಯಾಕಿಂಟಾಷ್ ಹಿಡಿದ ಹಾದಿ ಬೇರೆ. 1984ರ ಮೊದಲ ಮ್ಯಾಕಿನ ಒಂಬತ್ತು ಅಂಗುಲದ ಪರದೆಯಲ್ಲಿ, 128 ಕಿಲೋಬೈಟ್ ಮೆಮೊರಿಯೊಳಗೆ, ಒಂದು ಸಲಕ್ಕೆ ಒಂದೇ ಪ್ರೋಗ್ರಾಮಿಗೆ ಅವಕಾಶವಿದ್ದುದರಿಂದ ಮಿನಿಮೈಸ್ ಮಾಡುವ ಪ್ರಮೇಯವೇ ಒದಗಲಿಲ್ಲ. ಹಲವು ಪ್ರೋಗ್ರಾಮುಗಳು ಒಟ್ಟಿಗೆ ನಡೆಯುವ ಕಾಲ ಬಂದ ಮೇಲೆಯೂ ಆಪಲ್ ಬಹುಕಾಲ ಅದನ್ನು ಒಪ್ಪಲಿಲ್ಲ. ಬದಲಾಗಿ 1994ರಲ್ಲಿ, ಶೀರ್ಷಿಕೆಯ ಪಟ್ಟಿಯನ್ನು ಎರಡು ಬಾರಿ ಕ್ಲಿಕ್ಕಿಸಿದರೆ ವಿಂಡೋವಿನ ಮೈಯೆಲ್ಲ ಸುರುಳಿಯಾಗಿ ಮೇಲಕ್ಕೆ ಸುತ್ತಿಕೊಂಡು ಹೆಸರು ಮಾತ್ರ ಅದೇ ಜಾಗದಲ್ಲಿ ಉಳಿಯುವ ಏರ್ಪಾಡನ್ನು ಮಾಡಿತು. ವಸ್ತು ತಾನಿದ್ದ ಸ್ಥಳವನ್ನು ಬಿಡದಿರುವುದರಿಂದ ಮರೆವಿಗೆ ಆಸ್ಪದವೇ ಇಲ್ಲದ ಈ ಉಪಾಯ ಕೈಬಿಟ್ಟುಹೋದುದು ದುಃಖದ ಸಂಗತಿಯೆಂದೇ ನಾನು ಭಾವಿಸುತ್ತೇನೆ. 2000ದ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸಾನ್‌ಫ್ರಾನ್ಸಿಸ್ಕೊದಲ್ಲಿ ತೋರಿಸಿದ, 2001ರ ಮಾರ್ಚಿನಲ್ಲಿ ಜನರ ಕೈಸೇರಿದ ಮ್ಯಾಕ್ ಒಎಸ್ ಎಕ್ಸ್‌ನಲ್ಲಿ ಡಾಕ್ ಎಂಬ ಪಟ್ಟಿ ಬಂದಿತು. ಹಳದಿ ಬಣ್ಣದ ಗುಂಡಿಯನ್ನು ಒತ್ತಿದೊಡನೆ ವಿಂಡೋ ಸೀಸೆಯೊಳಗೆ ಇಳಿಯುವ ಭೂತದಂತೆ ಕೃಶವಾಗುತ್ತ ಡಾಕಿನೊಳಗೆ ಹರಿದುಹೋಗುವ ದೃಶ್ಯವನ್ನು ಕಂಡು ಸಭಾಂಗಣ ಉಲ್ಲಾಸಗೊಂಡಿತು. ಕಣ್ಣಿಗೆ ಹಬ್ಬವಾದರೂ ಇದರಲ್ಲಿ ಒಂದು ತೊಡಕುಂಟು. ಕಮಾಂಡ್ ಮತ್ತು ಟ್ಯಾಬ್ ಕೀಲಿಗಳಿಂದ ಪ್ರೋಗ್ರಾಮನ್ನು ಕರೆದರೆ ಮೇಲೆ ಅದರ ಮೆನು ಬರುತ್ತದೆಯೇ ಹೊರತು ಮಿನಿಮೈಸ್ ಆದ ವಿಂಡೋ ಏಳುವುದಿಲ್ಲ; ಕಮಾಂಡನ್ನು ಬಿಡುವ ಮುನ್ನ ಆಪ್ಷನ್ ಕೀಲಿಯನ್ನೂ ಹಿಡಿದಿದ್ದರೆ ಮಾತ್ರ ಏಳುತ್ತದೆ. ಇಂತಹ ಗುಟ್ಟುಗಳನ್ನು ಯಾರಾದರೂ ಹೇಳಿಕೊಡದ ಹೊರತು ಮನುಷ್ಯ ತಾನಾಗಿ ಕಂಡುಕೊಳ್ಳುವುದು ಹೇಗೆ?

ಮಿನಿಮೈಸ್ ಮಾಡುವ ಅಗತ್ಯವೇ ಏಕೆ ಬರುತ್ತದೆಂದು ಮೂಲಕ್ಕೆ ಹೋಗಿ ಕೇಳಿದವರೂ ಇದ್ದಾರೆ. ಜೆರಾಕ್ಸ್ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟೂವರ್ಟ್ ಕಾರ್ಡ್ 1986ರಲ್ಲಿ ಪ್ರಕಟಿಸಿದ ರೂಮ್ಸ್ ಎಂಬ ವ್ಯವಸ್ಥೆಯ ವಿವರಣೆಯಲ್ಲಿ ಅತ್ಯಂತ ಮೌಲಿಕವಾದ ಒಂದು ವಿವೇಚನೆಯಿದೆ. ಕಂಪ್ಯೂಟರಿನ ಮೆಮೊರಿ ಚಿಕ್ಕದಾಗಿ ಕೆಲಸ ದೊಡ್ಡದಾದಾಗ, ಯಂತ್ರವು ಬೇಕಾದುದನ್ನು ತರುವುದರಲ್ಲಿಯೂ ಬೇಡವಾದುದನ್ನು ಹೊರಹಾಕುವುದರಲ್ಲಿಯೂ ಕಾಲವನ್ನೆಲ್ಲ ಕಳೆದು ನಿಜವಾದ ಕೆಲಸವನ್ನೇ ಮಾಡದೆ ಒದ್ದಾಡುವುದುಂಟು. ಚಿಕ್ಕ ಪರದೆಯ ಮುಂದೆ ಕುಳಿತು ಹತ್ತಾರು ವಿಂಡೋಗಳನ್ನು ಏಳಿಸುತ್ತ ಇಳಿಸುತ್ತ ಇರುವ ಮನುಷ್ಯನ ಪಾಡೂ ಅದೇ ಎಂದು ಅವರು ತೋರಿಸಿದರು. ನಮ್ಮ ವಿಂಡೋಗಳು ಬಿಡಿಬಿಡಿಯಾಗಿ ಬೇಕಾಗುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಗುಂಪಾಗಿ ಬೇಕಾಗುತ್ತವೆ. ಆದ್ದರಿಂದ ಒಂದೊಂದನ್ನೇ ಮರೆಗೆ ಸರಿಸುವುದರ ಬದಲು ಪ್ರತಿಯೊಂದು ಕೆಲಸಕ್ಕೂ ಒಂದು ಕೋಣೆಯನ್ನು ಕೊಟ್ಟು, ಕೋಣೆಯಿಂದ ಕೋಣೆಗೆ ತಾವೇ ಹೋಗಬಾರದೇಕೆ ಎಂಬುದು ಅವರ ಪ್ರಶ್ನೆ. ಲಿನಕ್ಸ್ ಬಳಕೆದಾರರಿಗೆ ಚಿರಪರಿಚಿತವಾದ, ವಿಂಡೋಸ್ 10ರಲ್ಲಿ 2015ರಿಂದ ಎಲ್ಲರಿಗೂ ದೊರೆತ ವರ್ಚುವಲ್ ಡೆಸ್ಕ್‌ಟಾಪುಗಳ ಹಿಂದೆ ಈ ವಿಚಾರವಿದೆ. 2011ರ ಏಪ್ರಿಲಿನಲ್ಲಿ ಬಂದ, ಲಿನಕ್ಸಿನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್ 3 ಈ ತತ್ತ್ವವನ್ನು ಅದರ ಕೊನೆಯವರೆಗೂ ಒಯ್ದು, ಶೀರ್ಷಿಕೆಯ ಪಟ್ಟಿಯಿಂದ ಮಿನಿಮೈಸ್ ಗುಂಡಿಯನ್ನೇ ತೆಗೆದುಹಾಕಿತು. ಹೋಗಿ ಸೇರಲು ತಳದಲ್ಲಿ ಪಟ್ಟಿಯೇ ಇಲ್ಲದಿರುವಾಗ ವಿಂಡೋವನ್ನು ಎಲ್ಲಿಗೆಂದು ಇಳಿಸುವುದು ಎಂಬ ಅವರ ತರ್ಕ ನಿರ್ದುಷ್ಟವಾದುದೇ. ಆದರೆ ಬಹುಮಂದಿ ಬಳಕೆದಾರರು ಅದರಿಂದ ತೃಪ್ತರಾಗಲಿಲ್ಲ, ಗುಂಡಿಯನ್ನು ಮರಳಿ ಹಾಕಿಕೊಳ್ಳುವ ಉಪಾಯವನ್ನು ಹುಡುಕಿಕೊಂಡರು.

ಅವರ ಅತೃಪ್ತಿಗೆ ಕಾರಣವನ್ನು ಬೇರೊಂದು ಅಧ್ಯಯನದಲ್ಲಿ ಕಾಣಬಹುದೆಂದು ನನಗೆ ತೋರುತ್ತದೆ. ಥಾಮಸ್ ಮೆಲೋನ್ ಎಂಬ ಸಂಶೋಧಕರು ಕಚೇರಿಯ ಮೇಜುಗಳನ್ನು ಜನ ಹೇಗೆ ಇರಿಸಿಕೊಳ್ಳುತ್ತಾರೆಂಬುದನ್ನು ವಿಚಾರಿಸಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೇಜಿನ ಮೇಲೆ ರಾಶಿಬಿದ್ದಿರುವ ಕಾಗದಗಳು ಬರಿಯ ಅವ್ಯವಸ್ಥೆಯಲ್ಲ, ಮಾಡಬೇಕಾದ ಕೆಲಸವನ್ನು ನೆನಪಿಸುವ ಸೇವೆಯನ್ನೂ ಅವು ಮಾಡುತ್ತವೆಂದು ತೋರಿಸಿದರು. ಟಾಸ್ಕ್‌ಬಾರಿನಲ್ಲಿ ಹೆಸರು ಹೊತ್ತು ಕುಳಿತಿರುವ ವಿಂಡೋ ಮಾಡುವ ಸೇವೆಯೂ ಇದೇ. ಉತ್ತರಿಸಬೇಕಾದ ಪತ್ರವನ್ನು ಮನುಷ್ಯ ಮುಚ್ಚುವುದಿಲ್ಲ, ಮಿನಿಮೈಸ್ ಮಾಡುತ್ತಾನೆ. ಏಕೆಂದರೆ ಮುಚ್ಚಿದರೆ ಅದು ಮನಸ್ಸಿನಿಂದಲೂ ಜಾರಿಹೋಗುವುದೆಂಬುದನ್ನು ಅವನು ಅನುಭವದಿಂದ ಬಲ್ಲ. ಬೇರೆ ಕೋಣೆಯಲ್ಲಿಟ್ಟ ವಸ್ತು ಕ್ರಮವಾಗಿದ್ದೀತು, ಆದರೆ ನೆನಪಿಸಲಾರದು.

ಹೆಸರೆಂದೆನಲ್ಲ, ಅದರ ಮಹತ್ತ್ವವನ್ನು ಇಂದಿನ ವಿನ್ಯಾಸಕಾರರು ಸಾಕಷ್ಟು ಮನಗಂಡಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. 2001ರ ವಿಂಡೋಸ್ ಎಕ್ಸ್‌ಪಿ, ಟಾಸ್ಕ್‌ಬಾರಿನಲ್ಲಿ ಜಾಗ ಸಾಲದಾದಾಗ ಒಂದೇ ಪ್ರೋಗ್ರಾಮಿನ ವಿಂಡೋಗಳನ್ನು ಒಂದೇ ಗುಂಡಿಯಡಿ ಗುಂಪುಗೂಡಿಸಿತು. ಅದು ಅನಿವಾರ್ಯವಾಗಿ ಮಾಡಿದ ಕೆಲಸ. 2009ರ ವಿಂಡೋಸ್ 7 ಜಾಗವಿದ್ದರೂ ಗುಂಪುಗೂಡಿಸುವುದನ್ನೇ ಸಹಜ ಕ್ರಮವೆಂದು ಮಾಡಿ, ಹೆಸರನ್ನು ತೆಗೆದು ಬರಿಯ ಚಿತ್ರವನ್ನುಳಿಸಿತು. ಅದಕ್ಕೆ ಬದಲಾಗಿ, ಮೌಸನ್ನು ಗುಂಡಿಯ ಮೇಲೆ ತಂದಾಗ ಒಳಗಿರುವ ವಿಂಡೋಗಳ ಕಿರುರೂಪಗಳು ಸಾಲಾಗಿ ತೋರುವಂತೆ ಮಾಡಿತು. ಚಿತ್ರಗಳನ್ನೋ ನಕ್ಷೆಗಳನ್ನೋ ತೆರೆದುಕೊಂಡವರಿಗೆ ಇದರಿಂದ ಉಪಕಾರವಾಗಿರಬಹುದು. ಆದರೆ ಎಂಟು ವರ್ಡ್ ಕಡತಗಳನ್ನು ತೆರೆದಿಟ್ಟುಕೊಂಡಿರುವ ಗುಮಾಸ್ತನಿಗೆ ಎಂಟು ಬಿಳಿಯ ಹಾಳೆಗಳ ಕಿರುರೂಪದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭೇದವೇನು ಕಂಡೀತು? ವಿಂಡೋಸ್ 11 ಬಂದ 2021ರಲ್ಲಿ, ಹೆಸರನ್ನು ಮರಳಿ ತರಿಸಿಕೊಳ್ಳುವ ಆಯ್ಕೆಯನ್ನೂ ತೆಗೆದುಹಾಕಿದ್ದರು. ಬಳಕೆದಾರರು ಬಿಡದೆ ಬೇಡಿದುದರ ಫಲವಾಗಿ 2023ರಲ್ಲಿ ಅದು ಮತ್ತೆ ಬಂದಿತು.

ಕನ್ನಡಿಗರಿಗೆ ಈ ಹೆಸರಿನ ಪ್ರಶ್ನೆ ಇನ್ನೂ ಹತ್ತಿರದ್ದು. ತೊಂಬತ್ತರ ದಶಕದಲ್ಲಿ ನಮ್ಮ ಡಿಟಿಪಿ ಕೇಂದ್ರಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಬಳಕೆಗೆ ಬಂದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ತೊಡಿಸಿದಂತಹವು. ಪುಟದೊಳಗೆ ಆ ಫಾಂಟಿನಿಂದ ಕನ್ನಡ ಸೊಗಸಾಗಿಯೇ ಕಾಣುತ್ತಿತ್ತು. ಆದರೆ ಶೀರ್ಷಿಕೆಯ ಪಟ್ಟಿಯನ್ನೂ ಟಾಸ್ಕ್‌ಬಾರನ್ನೂ ಬರೆಯುವುದು ವ್ಯವಸ್ಥೆಯ ಸ್ವಂತ ಫಾಂಟಾದುದರಿಂದ, ಕನ್ನಡದಲ್ಲಿಟ್ಟ ಹೆಸರು ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲವಾಗಿ ತೋರುತ್ತಿತ್ತು. ಆದ ಕಾರಣ ಕಡತಗಳಿಗೆ ಇಂಗ್ಲಿಷಿನಲ್ಲಿಯೇ ಹೆಸರಿಡುವ ರೂಢಿ ಬೆಳೆಯಿತು. ಕನ್ನಡದ ಕೆಲಸವೆಲ್ಲ ಇಂಗ್ಲಿಷಿನ ಚೀಟಿ ಅಂಟಿಸಿಕೊಂಡು ಪರದೆಯ ತಳದಲ್ಲಿ ಕುಳಿತಿತು. ವಿಂಡೋಸ್ ಎಕ್ಸ್‌ಪಿ ಯುನಿಕೋಡ್ ಕನ್ನಡವನ್ನೂ ತುಂಗಾ ಎಂಬ ಫಾಂಟನ್ನೂ ತನ್ನೊಡನೆ ತಂದ ಮೇಲೆ, ಆ ಪಟ್ಟಿಯಲ್ಲಿ ಕನ್ನಡದ ಹೆಸರು ಕನ್ನಡವಾಗಿಯೇ ಕಾಣುವುದು ಸಾಧ್ಯವಾಯಿತು. ಇಷ್ಟಾದರೂ ಹಳೆಯ ರೂಢಿ ಇನ್ನೂ ಹಲವೆಡೆ ಬಿಟ್ಟಿಲ್ಲ. ಹೊಸ ಬರಹವನ್ನು ತೊಡಗುವಾಗಲೇ ಅದಕ್ಕೊಂದು ಕನ್ನಡದ ಹೆಸರನ್ನು ಕೊಟ್ಟು ಉಳಿಸುವವರಿಗೆ, ಮುಂದೆ ಅದನ್ನು ಮರೆಯಿಂದ ಕರೆಯುವುದು ಎಷ್ಟು ಹಗುರವಾಗುವುದೆಂಬುದು ಒಂದು ದಿನದಲ್ಲಿಯೇ ತಿಳಿಯುತ್ತದೆ.

ನಿತ್ಯದ ಬಳಕೆಗೆ ಬೇಕಾದ ಕೀಲಿಗಳು ಹೆಚ್ಚಿಲ್ಲ. ವಿಂಡೋಸ್ ಕೀಲಿಯೊಡನೆ ಡಿ ಒತ್ತಿದರೆ ಎಲ್ಲವೂ ಮರೆಯಾಗಿ ಹಿನ್ನೆಲೆ ಕಾಣುತ್ತದೆ, ಮತ್ತೊಮ್ಮೆ ಒತ್ತಿದರೆ ಎಲ್ಲವೂ ಮರಳುತ್ತದೆ. ಎಂ ಒತ್ತಿದರೆ ಎಲ್ಲವೂ ಮಿನಿಮೈಸ್ ಆಗಿ, ಶಿಫ್ಟ್ ಸೇರಿಸಿ ಎಂ ಒತ್ತಿದಾಗ ಹಿಂದಿರುಗುತ್ತವೆ. ಅದೇ ಕೀಲಿಯೊಡನೆ ಹೋಮ್ ಒತ್ತಿದರೆ ಕೈಯಲ್ಲಿರುವ ವಿಂಡೋ ಒಂದುಳಿದು ಮಿಕ್ಕವು ಸರಿಯುತ್ತವೆ. ಏಕಾಗ್ರತೆಯಿಂದ ಬರೆಯಬೇಕೆನ್ನುವವರಿಗೆ ಇದು ಬಹಳ ಹಿತವಾದುದು. ವಿಂಡೋಸ್ ಕೀಲಿಯೊಡನೆ ಒಂದರಿಂದ ಒಂಬತ್ತರವರೆಗಿನ ಅಂಕಿಯನ್ನು ಒತ್ತಿದರೆ ಟಾಸ್ಕ್‌ಬಾರಿನಲ್ಲಿ ಆ ಸ್ಥಾನದಲ್ಲಿರುವುದು ಏಳುತ್ತದೆ. ಗುಂಪುಗೂಡಿದ ಗುಂಡಿಯನ್ನು ಕಂಟ್ರೋಲ್ ಹಿಡಿದು ಕ್ಲಿಕ್ಕಿಸುತ್ತ ಹೋದರೆ ಅದರೊಳಗಿನ ವಿಂಡೋಗಳು ಒಂದಾದ ಮೇಲೊಂದು ಬರುತ್ತವೆ.

ಕೆಲವೊಮ್ಮೆ ಗುಂಡಿಯನ್ನು ಒತ್ತಿದರೂ ವಿಂಡೋ ಮೇಲೆದ್ದಂತೆ ಕಾಣುವುದಿಲ್ಲ. ಎರಡನೆಯ ಮಾನಿಟರನ್ನೋ ಪ್ರೊಜೆಕ್ಟರನ್ನೋ ಕಳಚಿದ ಮೇಲೆ, ಅಲ್ಲಿದ್ದ ವಿಂಡೋ ತನ್ನ ಹಳೆಯ ನೆಲೆಯನ್ನೇ ನೆನಪಿಟ್ಟುಕೊಂಡು ಇಲ್ಲದ ಪರದೆಯ ಮೇಲೆ ತೆರೆದುಕೊಳ್ಳುವುದೇ ಇದಕ್ಕೆ ಸಾಮಾನ್ಯ ಕಾರಣ. ಅಂಥ ಸಮಯದಲ್ಲಿ ಯಂತ್ರವನ್ನು ಆರಿಸಿ ಹಚ್ಚಬೇಕಾಗಿಲ್ಲ. ಟಾಸ್ಕ್‌ಬಾರಿನಲ್ಲಿ ಅದರ ಗುಂಡಿಯನ್ನು ಒಮ್ಮೆ ಒತ್ತಿ, ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಎಡದ ಅಥವಾ ಬಲದ ಬಾಣವನ್ನು ಒತ್ತಿದರೆ ವಿಂಡೋ ಮಾನಿಟರಿನಿಂದ ಮಾನಿಟರಿಗೆ ದಾಟುತ್ತದೆ. ಅದಕ್ಕೂ ಮಣಿಯದಿದ್ದರೆ ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಎಂ ಒತ್ತಿ, ಬಾಣದ ಕೀಲಿಯನ್ನು ಒಂದು ಸಲ ಮುಟ್ಟಿ ಮೌಸನ್ನು ಅಲುಗಿಸಿದರೆ, ಕಳೆದುಹೋಗಿದ್ದ ವಿಂಡೋ ಮೌಸಿನ ತುದಿಗೆ ಅಂಟಿಕೊಂಡು ಪರದೆಯೊಳಕ್ಕೆ ಬರುತ್ತದೆ. ವಿಂಡೋಸ್ 11ರಲ್ಲಿ ಮಾನಿಟರ್ ಕಳಚಿದೊಡನೆ ಅದರ ಮೇಲಿದ್ದ ವಿಂಡೋಗಳನ್ನು ವ್ಯವಸ್ಥೆಯೇ ಮಿನಿಮೈಸ್ ಮಾಡಿ, ಮತ್ತೆ ಜೋಡಿಸಿದಾಗ ಮೊದಲಿನ ಜಾಗದಲ್ಲಿ ನಿಲ್ಲಿಸುತ್ತದೆ.

ಟಾಸ್ಕ್‌ಬಾರಿನಲ್ಲಿ ಹೆಸರುಗಳು ಕಾಣಬೇಕೆನ್ನುವವರು ಅದರ ಖಾಲಿ ಜಾಗದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ಎಂಬುದನ್ನು ತೆರೆದು, ಅದರ ವರ್ತನೆಗೆ ಸಂಬಂಧಪಟ್ಟ ಭಾಗದಲ್ಲಿ ಗುಂಡಿಗಳನ್ನು ಎಂದಿಗೂ ಗುಂಪುಗೂಡಿಸಬೇಡವೆಂಬ ಆಯ್ಕೆಯನ್ನು ಹಾಕಿಕೊಳ್ಳಬೇಕು. ಪಂಚಾಯತಿ ಕಚೇರಿಯ ಕಂಪ್ಯೂಟರಾಗಲಿ ಪತ್ರಿಕಾಲಯದ ಕಂಪ್ಯೂಟರಾಗಲಿ, ದಿನವಿಡೀ ಹತ್ತಾರು ಕಡತಗಳ ನಡುವೆ ಓಡಾಡುವವರ ಯಂತ್ರದಲ್ಲಿ ಈ ಆಯ್ಕೆಯನ್ನು ಮೊದಲ ದಿನವೇ ಮಾಡಿಕೊಡುವುದು, ಯಂತ್ರವನ್ನು ಜೋಡಿಸಿಕೊಡುವವರ ಕರ್ತವ್ಯವೆಂದೇ ನಾನು ಎಣಿಸುತ್ತೇನೆ.